ಎಡ ಯಾವುದು, ಬಲ ಯಾವುದು: ನಾರ್ತ್‌ವಿಲ್‌ಗೆ ಹೊಸದಾಗಿ ಬಂದವರಿಗೆ

ಎಡ-ಬಲ ಗೊತ್ತಿಲ್ಲದವರು ಯಾರಿದ್ದಾರೆ ಎಂದು ನಗಬೇಡಿ. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ವರ್ಷಗಟ್ಟಲೆ ಗಾಡಿ ಓಡಿಸಿ ಪಳಗಿದವರೇ ಅಮೆರಿಕದ ಮಿಷಿಗನ್ನಿನ ಈ ಊರಿಗೆ ಬಂದ ಹೊಸದರಲ್ಲಿ ಬಲಗಡೆಯ ಬಾಗಿಲು ತೆಗೆದು ಸ್ಟೀರಿಂಗ್ ಹುಡುಕುತ್ತಾರೆ. ಇಂಡಿಕೇಟರ್ ಹಾಕಲು ಹೋಗಿ ರಣಬಿಸಿಲಿನಲ್ಲಿ ವೈಪರ್ ಆಡಿಸುತ್ತಾರೆ. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರಲ್ಲ, ಅದೇ. ವೈಪರ್ ಆಡಿದರೆ ನಕ್ಕು ಸುಮ್ಮನಾಗಬಹುದು. ಗಾಡಿಯೇ ಎದುರು ಸಾಲಿಗೆ ನುಗ್ಗಿದರೆ? ಅದಕ್ಕೇ ಹೇಳುತ್ತಿದ್ದೇನೆ, ಸ್ವಲ್ಪ ಕಿವಿಗೆ ಹಾಕಿಕೊಳ್ಳಿ.

'ಇಲ್ಲಿ ಬಲಗಡೆ, ಇಲ್ಲಿ ಬಲಗಡೆ' ಎಂದು ಬಾಯಿಪಾಠ ಮಾಡುವುದರಿಂದ ಉಪಯೋಗವಿಲ್ಲ. ಗಾಬರಿಯಾದಾಗ ಬಾಯಿಪಾಠ ಮೊದಲು ಮರೆಯುತ್ತದೆ. ಮೈಗೊಂದು ಗುರುತು ಕೊಡಿ: ರಸ್ತೆಯ ನಡುವಿನ ಹಳದಿ ಗೆರೆ ಯಾವತ್ತೂ ನಿಮ್ಮ ಎಡಭುಜದ ಕಡೆ ಇರಬೇಕು. ಓಡಿಸುವವರು ನಡುರಸ್ತೆಯ ಕಡೆ, ಪಕ್ಕದಲ್ಲಿ ಕೂತವರು ಅಂಚಿನ ಕಡೆ. ಇನ್ನೊಂದು ಮಾತು, ವಾಹನಗಳು ತುಂಬಿರುವಾಗ ಭಯವಿಲ್ಲ, ಮುಂದಿನವರ ಹಿಂದೆ ಹೋಗುತ್ತೀರಿ. ಎಚ್ಚರ ಬೇಕಾದದ್ದು ಭಾನುವಾರ ಬೆಳಿಗ್ಗೆ ಖಾಲಿ ಬಿದ್ದಿರುವ ಸೆವೆನ್ ಮೈಲ್ ರಸ್ತೆಗೆ ಪೆಟ್ರೋಲ್ ಬಂಕಿನಿಂದ ಹೊರಬಂದು ಎಡಕ್ಕೆ ತಿರುಗುವಾಗ. ಹಳೆ ಚಾಳಿ ತಲೆಯೆತ್ತುವುದು ಆಗಲೇ.

ಇನ್ನು ನಮ್ಮ ಮಿಷಿಗನ್ನಿನದೇ ಒಂದು ವಿಶೇಷವಿದೆ. ಟೆಲಿಗ್ರಾಫ್, ವುಡ್‌ವರ್ಡ್‌ನಂಥ, ನಡುವೆ ಹುಲ್ಲಿನ ಪಟ್ಟಿ ಇರುವ ದೊಡ್ಡ ರಸ್ತೆಗಳ ಎಷ್ಟೋ ಸಿಗ್ನಲ್‌ಗಳಲ್ಲಿ ಎಡಕ್ಕೆ ತಿರುಗಲು ಬಿಡುವುದೇ ಇಲ್ಲ. ದೊಡ್ಡ ರಸ್ತೆಯಲ್ಲಿದ್ದರೆ ಸಿಗ್ನಲ್ ದಾಟಿ ನೇರ ಹೋಗಿ, ಪಟ್ಟಿಯ ನಡುವೆ ಬಿಟ್ಟ ಜಾಗದಲ್ಲಿ ಯೂ ಟರ್ನ್ ತೆಗೆದು, ವಾಪಸ್ ಬಂದು ಬಲಕ್ಕೆ ತಿರುಗಬೇಕು. ಅಡ್ಡರಸ್ತೆಯಿಂದ ಬಂದರೆ ಮೊದಲು ಬಲಕ್ಕೆ, ಆಮೇಲೆ ಯೂ ಟರ್ನ್. ಇದಕ್ಕೆ ಮಿಷಿಗನ್ ಲೆಫ್ಟ್ ಎಂದೇ ಹೆಸರು. 1960ರ ದಶಕದಲ್ಲಿ ಡೆಟ್ರಾಯಿಟ್‌ನ ಏಯ್ಟ್ ಮೈಲ್ ಮತ್ತು ಲಿವರ್ನಾಯ್ ರಸ್ತೆಗಳು ಕೂಡುವಲ್ಲಿ ಶುರುವಾದದ್ದು. ಎದುರು ಬರುವ ವಾಹನಗಳ ಮುಂದೆ ಅಡ್ಡ ಹಾಯುವುದು ತಪ್ಪುತ್ತದೆ, ಅದಕ್ಕೇ ಮಾಡಿದ್ದು. ಜಿಪಿಎಸ್ ಎಡ ಎಂದಿತೆಂದು ಅಲ್ಲೇ ನುಗ್ಗಬೇಡಿ, ಫಲಕ ನೋಡಿ. ತಿರುವು ತಪ್ಪಿದರೆ ಮುಂದಿನದು ಸಿಗುತ್ತದೆ. ಆತುರಗಾರನಿಗೆ ಬುದ್ಧಿ ಮಟ್ಟ. ರೌಂಡಬೌಟ್ ಬಂದರೆ ನೊವಾಯ್‌ನ ವೆಂಕಟೇಶ್ವರ ದೇವಸ್ಥಾನದಲ್ಲಿ ಪ್ರದಕ್ಷಿಣೆ ಹಾಕುವುದಕ್ಕೆ ಪೂರಾ ಉಲ್ಟಾ ಸುತ್ತಬೇಕು. ಎಡದಿಂದ ಬರುವವರಿಗೆ ದಾರಿ ಬಿಡಿ.

ಪಕ್ಕದಲ್ಲಿ ಕೂತು ದಾರಿ ಹೇಳುವವರಿಗೂ ಒಂದು ಮಾತು. "ಇಲ್ಲಿ ಲೆಫ್ಟಾ?" ಎಂದರೆ "ರೈಟ್, ರೈಟ್" ಎಂದು ನಮ್ಮ ಬಸ್ ಕಂಡಕ್ಟರ್ ಥರ ಉತ್ತರ ಕೊಡಬೇಡಿ. ಹೌದು ಎಂದರೆ ಸಾಕು.

ಬೇಸಿಗೆಗೆ ಊರಿಂದ ಅಪ್ಪ ಅಮ್ಮ ಬರುತ್ತಾರೆ. ಅವರಿಗೆ ಫ್ರಿಜ್ಜು, ಮೈಕ್ರೋವೇವ್ ತೋರಿಸುತ್ತೀರಿ, ರಸ್ತೆ ದಾಟುವುದನ್ನು ಮಾತ್ರ ಹೇಳಿಕೊಡುವುದಿಲ್ಲ. ಊರಲ್ಲಿ ಮೊದಲು ಬಲಕ್ಕೆ ನೋಡಿ ಅಭ್ಯಾಸ. ಇಲ್ಲಿ ಹತ್ತಿರದ ಸಾಲಿನ ಗಾಡಿ ಎಡದಿಂದ ಬರುತ್ತದೆ. ವಯಸ್ಸಾದವರಿಗೆ ಮಾತ್ರ ಹೀಗೆ ಎಂದುಕೊಳ್ಳಬೇಡಿ. ಚರ್ಚಿಲ್ ಅಂಥವರೇ 1931ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನ ಫಿಫ್ತ್ ಅವೆನ್ಯೂ ದಾಟುವಾಗ, ಇಂಗ್ಲೆಂಡಿನ ಅಭ್ಯಾಸದಂತೆ ಬೇರೆ ಕಡೆ ನೋಡಿ ಕಾರಿಗೆ ಸಿಕ್ಕಿ ಆಸ್ಪತ್ರೆ ಸೇರಿದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದಾಗುವುದು ಬೇಡ. ಮೊದಲ ದಿನವೇ ಜೊತೆಗೆ ಹೋಗಿ ದಾಟಿಸಿ ತೋರಿಸಿ. ಫುಟ್‌ಪಾತ್ ಇಲ್ಲದ ಕಡೆ ಎಡ ಅಂಚಿನಲ್ಲಿ, ಎದುರು ಬರುವ ಗಾಡಿ ಕಣ್ಣಿಗೆ ಬೀಳುವಂತೆ ನಡೆಯಬೇಕು. ಈ ರಾಜ್ಯದ ಕಾನೂನೂ ಅದೇ. ಅಮ್ಮನ ಕಪ್ಪು ಸ್ವೆಟರಿನ ಮೇಲೆ ಹೊಳೆಯುವ ಪಟ್ಟಿಯ ಜಾಕೆಟ್ ಹಾಕಿಸಿ. ಬೇಡ ಅಂತಾರೆ, ಕೇಳಬೇಡಿ.

ಮಕ್ಕಳ ವಿಷಯಕ್ಕೆ ಬಂದರೆ, ಆರೇಳು ವರ್ಷದವರೆಗೂ ತಮ್ಮದೇ ಎಡ-ಬಲ ಗೊಂದಲವಾಗುವುದು ಸಹಜ. ಎದುರು ನಿಂತವರದು ತಿಳಿಯಲು ಇನ್ನೂ ಸ್ವಲ್ಪ ಕಾಲ ಬೇಕು. "ಇಷ್ಟೂ ಗೊತ್ತಿಲ್ವಾ" ಎಂದು ಗದರಿದರೆ ಗೊತ್ತಿದ್ದದ್ದೂ ಮರೆಯುತ್ತದೆ. ಇಲ್ಲಿನ ಪಂಪ ಕನ್ನಡ ಕೂಟದ ಕಾರ್ಯಕ್ರಮಕ್ಕೆ ಕೋಲಾಟ ಕಲಿಸುವಾಗ ಮಗುವಿಗೆ ಎದುರಾಗಿ ನಿಲ್ಲಬೇಡಿ, ಪಕ್ಕದಲ್ಲಿ ನಿಲ್ಲಿ. 'ಊಟ ಮಾಡುವ ಕೈ ಬಲಗೈ' ಎಂದು ಹೇಳಿಕೊಡುವ ಮೊದಲು ಮಗು ಎಡಚವೇ ನೋಡಿ. ಎಡಚ ಆದರೆ ಕೈಗೆ ಹೊಡೆದು ತಿದ್ದುವ ಕಾಲ ಹೋಯಿತು. ಶಾಲೆಯಲ್ಲಿ ಬಾವುಟದ ಪ್ರತಿಜ್ಞೆ ಹೇಳುವಾಗ ಎದೆಯ ಮೇಲೆ ಇಡುವುದು ಬಲಗೈ ಎಂದು ನೆನಪಿಸಿ. ಚಳಿಗಾಲದ ಬೂಟುಗಳ ಒಳಬದಿಯ ಅಂಚಿಗೆ ಒಂದೊಂದು ಸ್ಟಿಕ್ಕರ್ ಬೊಟ್ಟು ಅಂಟಿಸಿ. ಎರಡು ಬೊಟ್ಟೂ ಅಕ್ಕಪಕ್ಕ ಬಂದರೆ ಸರಿಯಾಗಿ ಹಾಕಿಕೊಂಡಂತೆ. ಸ್ಕೂಲ್ ಬಸ್ಸಿಗೆ ಹೊತ್ತಾಯಿತೆಂದು ನೀವೇ ತುರುಕಿಬಿಡಬೇಡಿ. ಐದು ನಿಮಿಷ ಮುಂಚೆ ಎಬ್ಬಿಸಿ, ಮಗುವೇ ಹಾಕಿಕೊಳ್ಳಲಿ.