ಕೊಳವೆ ಬಾವಿಗೆ ಮೊದಲು ಡ್ರಮ್ಮಿನ ಲೆಕ್ಕ



ಹವಾಮಾನ ಬದಲಾಗಿದೆ ಎಂಬುದರಲ್ಲಿ ನಮ್ಮಲ್ಲಿ ಯಾರಿಗೂ ಸಂಶಯವಿಲ್ಲ. ಆದರೆ ಅದಕ್ಕೆ ಹೊಂದಿಕೊಳ್ಳಲು ಒಂದೆರಡು ಎಕರೆ ಅಡಿಕೆ ತೋಟದವರು ಕೈಯಲ್ಲಿರುವ ಹಣವನ್ನು ಮೊದಲು ಯಾವುದಕ್ಕೆ ಹಾಕಬೇಕು ಎಂಬುದನ್ನು ಕಾಗದದ ಮೇಲೆ ಲೆಕ್ಕ ಮಾಡುವವರು ಕಡಿಮೆ. ಈ ಪಾಠದಲ್ಲಿ ಆ ಲೆಕ್ಕವನ್ನು ನೋಡೋಣ.

ನಮ್ಮ ನಾಲ್ಕು ತಾಲ್ಲೂಕುಗಳಿಗೆ ನೀರು ಎರಡು ಕಡೆಯಿಂದ ಬರುತ್ತದೆ. ಶ್ರೀರಂಗಪಟ್ಟಣ, ಪಾಂಡವಪುರದ ನಾಲೆ ಬಯಲಿಗೆ ಬರುವುದು ಕೊಡಗಿನ ಕಾಫಿ ತೋಟಗಳ ಮೇಲೆ ಬಿದ್ದ ಮುಂಗಾರು ಮಳೆ. ಕೆ.ಆರ್. ಪೇಟೆ, ನಾಗಮಂಗಲದ ಕೆಲವು ಭಾಗಕ್ಕೆ ಹೇಮಾವತಿ ನಾಲೆಯಿದ್ದರೂ ಉಳಿದವರಿಗೆ ಊರ ಮಳೆ, ಕೆರೆ ಮತ್ತು ಕೊಳವೆ ಬಾವಿಯೇ ಗತಿ. ಒಂದು ಕೈಕೊಟ್ಟಾಗ ಇನ್ನೊಂದು ಕಾಯುತ್ತದೆ ಎಂಬ ನಂಬಿಕೆ 2023ರಲ್ಲಿ ಸುಳ್ಳಾಯಿತು. ಆ ವರ್ಷ ಕನ್ನಂಬಾಡಿ ತುಂಬಲಿಲ್ಲ. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸಾರಲಾಯಿತು. ಮರುವರ್ಷ ಜುಲೈಯಲ್ಲಿ ಅಣೆಕಟ್ಟೆ ತುಂಬಿತು, 2025ರಲ್ಲಿ ಜೂನ್ ತಿಂಗಳಿನಲ್ಲೇ ತುಂಬಿತು. ಸರಾಸರಿ ಮಳೆಯ ಅಂಕಿ ನೋಡಿ ಸಮಾಧಾನ ಪಡುವಂತಿಲ್ಲ. ತೋಟ ಒಣಗುವುದು ಕೆಟ್ಟ ವರ್ಷದ ಏಪ್ರಿಲ್‌ನಲ್ಲಿ.

ರಾಗಿ ಒಣಗಿದರೆ ಒಂದು ಹಂಗಾಮು ಹೋಯಿತು. ಅಡಿಕೆ ಮರ ಸತ್ತರೆ ಹಾಗಲ್ಲ. ಹೊಸ ಸಸಿ ಫಲಕ್ಕೆ ಬರಲು ಐದಾರು ವರ್ಷ ಬೇಕು. ಮರಕ್ಕೆ ವರ್ಷಕ್ಕೆ 2 ಕಿಲೋ ಒಣ ಅಡಿಕೆ ಎಂದಿಟ್ಟುಕೊಂಡರೂ, ನೂರು ಮರ ಕಳೆದುಕೊಂಡವನಿಗೆ ಆರು ವರ್ಷದಲ್ಲಿ 12 ಕ್ವಿಂಟಲ್ ನಷ್ಟ. ಸಸಿ, ಗುಂಡಿ, ಕೂಲಿ ಇದರ ಮೇಲೆ. ಇಂದಿನ ಮಾರುಕಟ್ಟೆ ದರದಿಂದ ಗುಣಿಸಿ ನೋಡಿ. ಒಂದು ಬೇಸಿಗೆ ಮರ ಉಳಿಸಲು ಎಷ್ಟು ಖರ್ಚು ಮಾಡಬಹುದು ಎಂಬುದಕ್ಕೆ ಅದೇ ಅಳತೆ.

ಮರ ಬಾಡಿದೊಡನೆ ನಮಗೆ ಮೊದಲು ನೆನಪಾಗುವುದು ಬೋರ್‌ವೆಲ್ ಲಾರಿ. ನಮ್ಮದು ಗಟ್ಟಿ ಬಂಡೆಯ ಸೀಮೆ. ಬಂಡೆಯ ಸೀಳು ಸಿಕ್ಕರೆ ನೀರು, ಇಲ್ಲವಾದರೆ ಧೂಳು. ಎರಡು ಕೊರೆಸಿ ಒಂದರಲ್ಲಿ ನೀರು ಬಂದರೆ, ಆ ಬಾವಿಯ ನಿಜವಾದ ಬೆಲೆ ಎರಡು ಬಾವಿಗಳ ಖರ್ಚು. ಬೇಸಿಗೆಯ ಅವಸರದಲ್ಲಿ ತಂದ ಕೈಸಾಲದ ಬಡ್ಡಿ ಬೇರೆ. ಆ ನೀರೂ ಪಕ್ಕದ ಹೊಲದವರ ಬಾವಿಯಿಂದ ಸರಿದು ಬಂದದ್ದಾಗಿರಬಹುದು. ಮುಂದಿನ ವರ್ಷ ಅವರು ಇನ್ನೂ ನೂರಡಿ ಇಳಿಸುತ್ತಾರೆ. 10 ಅಶ್ವಶಕ್ತಿಯವರೆಗಿನ ಪಂಪುಸೆಟ್ಟಿಗೆ ಬಿಲ್ಲು ಬಾರದ ಕಾರಣ ನೀರೆತ್ತುವ ಖರ್ಚು ನಮ್ಮ ಕಣ್ಣಿಗೆ ಬೀಳುವುದೂ ಇಲ್ಲ.

ಈಗ ಇರುವ ನೀರನ್ನು ಅಳೆಯೋಣ. ಪಂಪಿನ ಬಾಯಿಗೆ 200 ಲೀಟರಿನ ಡ್ರಮ್ಮು ಇಟ್ಟು ಗಡಿಯಾರ ನೋಡಿ. ನಾಲ್ಕು ನಿಮಿಷಕ್ಕೆ ತುಂಬಿದರೆ ಗಂಟೆಗೆ 3,000 ಲೀಟರ್; ಏಳು ಗಂಟೆ ಕರೆಂಟು ಸಿಕ್ಕರೆ ದಿನಕ್ಕೆ 21,000 ಲೀಟರ್. 9 ಅಡಿ ಅಂತರದಲ್ಲಿ ಎಕರೆಗೆ ಸುಮಾರು 540 ಮರ. ಬೇಸಿಗೆಯಲ್ಲಿ ಪಾತಿಗೆ ಹಾಯಿಸುವವರಿಗೆ ಮರವೊಂದಕ್ಕೆ ನಾಲ್ಕು ದಿನಕ್ಕೊಮ್ಮೆ 175 ಲೀಟರ್, ಅಂದರೆ ದಿನಕ್ಕೆ ಸುಮಾರು 44 ಲೀಟರ್ ಬೇಕು. ಆ ಬಾವಿ 480 ಮರಕ್ಕೆ ಸಾಕು, ಪೂರ್ತಿ ಎಕರೆಗೆ ಸಾಲದು. ಹನಿ ನೀರಾವರಿಯಲ್ಲಿ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಸಾಕು. ಕೆಟ್ಟ ಬೇಸಿಗೆಯಲ್ಲಿ ಬಾವಿಯ ನೀರು ಅರ್ಧಕ್ಕೆ ಇಳಿಯಿತೆನ್ನಿ. ಆಗ ಪಾತಿಯವನು 240 ಮರ ಉಳಿಸಿಕೊಂಡಾನು, ಹನಿಯವನು 525 ಮರ. ಹೊಸ ಬಾವಿ ಕೊಡಬಹುದಾಗಿದ್ದ ನೀರು ಹಳೆಯ ಬಾವಿಯಲ್ಲೇ ಸಿಕ್ಕಿತು.

ಪೈಪಿನ ಖರ್ಚಿಗೆ ತೋಟಗಾರಿಕೆ ಇಲಾಖೆಯ ಸಹಾಯಧನವಿದೆ. ಅರ್ಜಿಯನ್ನು ಬೇಸಿಗೆ ಬರುವ ಮೊದಲೇ ಹಾಕಬೇಕು. ವರ್ಷಗಟ್ಟಲೆ ಪಾತಿಯ ನೀರು ಕುಡಿದ ಮರಗಳನ್ನು ಮಾರ್ಚ್‌ನಲ್ಲಿ ಒಮ್ಮೆಲೇ ಹನಿಗೆ ಹಾಕಬೇಡಿ, ಮಳೆಗಾಲದ ಕೊನೆಗೆ ಬದಲಾಯಿಸಿ. ಸವಳು ನೀರಿನ ಬಾವಿಯವರು ಹನಿಯ ರಂಧ್ರ ಕಟ್ಟುವುದನ್ನು ಆಗಾಗ ನೋಡುತ್ತಿರಬೇಕು. ಸೋಗೆ, ತೆಂಗಿನ ಗರಿ, ಸಿಪ್ಪೆಯನ್ನು ಸುಡದೆ ಬುಡಕ್ಕೆ ಹೊದಿಸಿದರೆ ಮಣ್ಣಿನ ತೇವ ಹೆಚ್ಚು ದಿನ ನಿಲ್ಲುತ್ತದೆ. ಇದಕ್ಕೆ ಕೂಲಿ ಬಿಟ್ಟು ಬೇರೆ ಖರ್ಚಿಲ್ಲ, ಆದ್ದರಿಂದಲೇ ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ನಾಲೆ ಬಯಲಿನವರ ಕಷ್ಟ ಬೇರೆ. ಸುತ್ತ ಭತ್ತದ ಗದ್ದೆ ಇರುವ ಕಡೆ ಅಡಿಕೆಯ ಬೇರಿಗೆ ನೀರು ನಿಂತರೆ ಬರದಷ್ಟೇ ಹಾನಿ. ಅಲ್ಲಿ ಮೊದಲ ಹಣ ಬಸಿಗಾಲುವೆಗೆ ಹೋಗಬೇಕು.

ದರ ಏರಿದೆಯೆಂದು ರಾಗಿ ಹೊಲವನ್ನೂ ತೋಟ ಮಾಡಲು ಹೊರಟವರು ಅನೇಕರಿದ್ದಾರೆ. ಹನಿಯಿಂದ ಉಳಿದ ನೀರಿಗೆ ಇನ್ನೊಂದು ಎಕರೆ ಸಸಿ ಹಾಕಿದರೆ ಕೆಟ್ಟ ವರ್ಷಕ್ಕೆ ಮೀಸಲು ಎಲ್ಲಿ ಉಳಿಯಿತು? ಏಪ್ರಿಲ್ ಕೊನೆಯಲ್ಲಿ ಡ್ರಮ್ಮು ಅಳೆದು, ಆ ನೀರು ಸಾಕುವಷ್ಟೇ ಮರ ಇಡುವುದು ಕ್ಷೇಮವೆಂದು ನಾವು ತಿಳಿಯುತ್ತೇವೆ. ಉಳಿದ ಹೊಲದಲ್ಲಿ ರಾಗಿ, ಹುರುಳಿ ಇರಲಿ.

ಹವಾಮಾನ ಆಧಾರಿತ ಬೆಳೆ ವಿಮೆಯ ಬಗ್ಗೆಯೂ ಒಂದು ಮಾತು. ತೋಟದ ಬೆಳೆಗೆ ರೈತರು ಕಟ್ಟಬೇಕಾದ ಕಂತು ವಿಮಾ ಮೊತ್ತದ ಶೇ. 5ನ್ನು ಮೀರುವುದಿಲ್ಲ. ಪರಿಹಾರ ನಿರ್ಧಾರವಾಗುವುದು ಹವಾಮಾನ ಕೇಂದ್ರದ ಮಾಪಕದ ಅಂಕಿಯಿಂದ. ನಿಮ್ಮ ಮರ ಒಣಗಿದೆಯೇ ಎಂದು ಯಾರೂ ಬಂದು ನೋಡುವುದಿಲ್ಲ. ಅದು ಒಂದು ವರ್ಷದ ಫಸಲಿಗೆ ಆಸರೆಯಾದೀತೇ ಹೊರತು ಆರು ವರ್ಷದ ಮರವನ್ನು ಕೊಡದು. ನಿಮ್ಮ ಪಂಚಾಯಿತಿಯಲ್ಲಿ ಅಡಿಕೆಯನ್ನು ವಿಮೆಗೆ ಸೇರಿಸಿದ್ದಾರೆಯೇ, ಕಂತು ಕಟ್ಟಲು ಕೊನೆಯ ದಿನ ಯಾವುದು ಎಂಬುದನ್ನು ಮುಂಗಾರಿಗೆ ಮೊದಲೇ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿಕೊಳ್ಳಿ.