ಚಿಟ್ಟಿಲಿಯ ಮಿದುಳನ್ನು ಕಾಣುವ ಸರಳ ವಿಧಾನ

ಮನುಷ್ಯನ ಮಿದುಳು ಸುಮಾರು 1,400 ಗ್ರಾಂ ತೂಗುತ್ತದೆ. ಪ್ರಯೋಗಾಲಯದ ಚಿಟ್ಟಿಲಿಯ ಮಿದುಳು ಅರ್ಧ ಗ್ರಾಂ ಕೂಡ ಇಲ್ಲ. ಆಸ್ಪತ್ರೆಯ ಎಂ.ಆರ್.ಐ. ಯಂತ್ರದಲ್ಲಿ ಈ ಪುಟ್ಟ ಪ್ರಾಣಿಯನ್ನು ಮಲಗಿಸಿದರೆ ಸ್ಪಷ್ಟ ಚಿತ್ರವೇಕೆ ದೊರೆಯದು? ಅಲ್ಲಿ ಚಿತ್ರದ ಒಂದು ಬಿಂದುವೆಂದರೆ ಸುಮಾರು ಒಂದು ಮಿಲಿಮೀಟರ್. ಚಿಟ್ಟಿಲಿಯ ಮಿದುಳಿನ ಹೊರಪದರದ ದಪ್ಪವೇ ಹೆಚ್ಚುಕಡಿಮೆ ಅಷ್ಟು! ಆದುದರಿಂದ ಆಸ್ಪತ್ರೆಯ 1.5 ಅಥವಾ 3 ಟೆಸ್ಲಾ ಕಾಂತಕ್ಕೆ ಬದಲಾಗಿ, ಸಣ್ಣ ಪ್ರಾಣಿಗಳಿಗೆ 7 ಅಥವಾ 9.4 ಟೆಸ್ಲಾ ಕಾಂತಗಳನ್ನು ಬಳಸಲಾಗುತ್ತದೆ. ಇವು ಬಹು ದುಬಾರಿ ಯಂತ್ರಗಳು.

ವೆಚ್ಚಕ್ಕಿಂತಲೂ ದೊಡ್ಡ ತೊಡಕು ಇನ್ನೊಂದಿದೆ. ರಕ್ತದಲ್ಲಿನ ಆಮ್ಲಜನಕದ ಏರಿಳಿತವನ್ನು ಎಂ.ಆರ್.ಐ. ಮೂಲಕ ಗುರುತಿಸಬಹುದೆಂದು 1990ರಲ್ಲಿ ಬೆಲ್ ಪ್ರಯೋಗಾಲಯದ ಸೀಜಿ ಒಗಾವಾ ಮತ್ತು ಸಂಗಡಿಗರು ತೋರಿಸಿಕೊಟ್ಟದ್ದು ಇಲಿಗಳಲ್ಲಿಯೇ. ಆದರೆ ಇಲಿ ಅಲುಗಾಡಿದರೆ ಚಿತ್ರ ಕೆಡುತ್ತದೆ. ಅರಿವಳಿಕೆ ನೀಡಿದರೆ ರಕ್ತಸಂಚಾರ, ನರಕೋಶಗಳ ಚಟುವಟಿಕೆ ಎರಡೂ ಮಾರ್ಪಡುತ್ತವೆ. ಪ್ರಜ್ಞೆಯಿಲ್ಲದ ಇಲಿಯನ್ನು ಪರೀಕ್ಷಿಸಿ, ದಾರಿ ಹುಡುಕುವ ಇಲಿಯ ನೆನಪನ್ನು ಅರಿಯುವುದೆಂತು?

ಇಲ್ಲಿಯೇ ಪುಟ್ಟ ಸೂಕ್ಷ್ಮದರ್ಶಕವು ನೆರವಿಗೆ ಬಂದಿತು. 2011ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಜ್ಞಾನಿಗಳು ಕೇವಲ 1.9 ಗ್ರಾಂ ತೂಕದ ಉಪಕರಣವನ್ನು ಚಿಟ್ಟಿಲಿಯ ತಲೆಯ ಮೇಲೆ ಕೂರಿಸಿದರು. ನರಕೋಶ ಸ್ಪಂದಿಸಿದಾಗ ಅದರೊಳಕ್ಕೆ ಕ್ಯಾಲ್ಸಿಯಂ ಹರಿಯುತ್ತದೆ. ಕ್ಯಾಲ್ಸಿಯಂ ಸೋಕಿದರೆ ಹೊಳೆಯುವ ಪ್ರೋಟೀನನ್ನು ಕೋಶಗಳಲ್ಲಿ ಮೊದಲೇ ಮೂಡಿಸಿರುತ್ತಾರೆ. ಸಣ್ಣ ದೀಪದ ನೀಲಿ ಬೆಳಕು ಬಿದ್ದೊಡನೆ ಆ ಕೋಶಗಳು ಹಸಿರಾಗಿ ಮಿನುಗುತ್ತವೆ. ಮೊಬೈಲ್ ದೂರವಾಣಿಯ ಕ್ಯಾಮೆರಾದಲ್ಲಿರುವಂತಹ ಸಂವೇದಕ ಅದನ್ನು ದಾಖಲಿಸುತ್ತದೆ. ಪ್ರಾಣಿ ಮಾತ್ರ ಎಚ್ಚರವಾಗಿಯೇ ಓಡಾಡಿಕೊಂಡಿರುತ್ತದೆ. ಮುಂದೆ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ತಂಡವು ಇಂತಹುದೇ ಉಪಕರಣದ ನಕ್ಷೆಗಳನ್ನು ಎಲ್ಲರಿಗೂ ಮುಕ್ತವಾಗಿ ಒದಗಿಸಿತು. ಸಾಮಾನ್ಯ ಪ್ರಯೋಗಾಲಯವೂ ಬಿಡಿಭಾಗಗಳನ್ನು ತರಿಸಿ ಜೋಡಿಸಿಕೊಳ್ಳುವಂತಾದುದು, ನಮ್ಮ ದೃಷ್ಟಿಯಲ್ಲಿ, ಮೂಲ ಆವಿಷ್ಕಾರದಷ್ಟೇ ಮಹತ್ವದ್ದು.

ಪ್ರಾಣಿಗಳಿಗೂ ಇದರಿಂದ ಪ್ರಯೋಜನವುಂಟು. ಹಿಂದೆ ಕಲಿಕೆಯ ಪ್ರತಿ ಹಂತಕ್ಕೂ ಬೇರೆ ಬೇರೆ ಪ್ರಾಣಿಗಳನ್ನು ಕೊಂದು ಮಿದುಳನ್ನು ಪರೀಕ್ಷಿಸಬೇಕಾಗುತ್ತಿತ್ತು. ಈಗ ಒಂದೇ ಪ್ರಾಣಿಯ ಅವೇ ಕೋಶಗಳನ್ನು ವಾರಗಟ್ಟಲೆ ಗಮನಿಸಬಹುದು. ನಮ್ಮ 1960ರ ಪ್ರಾಣಿ ಹಿಂಸೆ ತಡೆ ಅಧಿನಿಯಮವು, ಅದೇ ಫಲಿತಾಂಶ ಸಿಗುವುದಾದರೆ ದೊಡ್ಡ ಪ್ರಾಣಿಗಳನ್ನು ಬಿಟ್ಟು ಇಲಿ, ಮೊಲ, ಕಪ್ಪೆಗಳಂತಹ ಸಣ್ಣ ಪ್ರಾಣಿಗಳನ್ನು ಬಳಸಬೇಕೆನ್ನುತ್ತದೆ. ಹೊರೆಯೆಲ್ಲ ಅವುಗಳ ಮೇಲೆ ಬೀಳುವಾಗ ಸಂಖ್ಯೆಯನ್ನು ತಗ್ಗಿಸುವುದು ಅವಶ್ಯವಷ್ಟೆ.

ಹಾಗೆಂದು ಈ ವಿಧಾನ ನೋವಿಲ್ಲದ್ದೆಂದು ವಾಚಕರು ಭಾವಿಸಬಾರದು. ಮಸೂರವನ್ನು ಕೂರಿಸಲು ಅರಿವಳಿಕೆ ನೀಡಿ ತಲೆಬುರುಡೆಯನ್ನು ತೆರೆಯಬೇಕು. ಆಳದ ಭಾಗಗಳನ್ನು ನೋಡಲು ಮೇಲಿನ ಅಂಗಾಂಶವನ್ನಷ್ಟು ತೆಗೆಯಬೇಕಾಗುವುದೂ ಉಂಟು. ಕಾಣುವ ಪ್ರದೇಶವೂ ಒಂದು ಮಿಲಿಮೀಟರಿನ ಆಸುಪಾಸಿನದು. ಗಾಯ ಮಾಡದೆ ಇಡೀ ಮಿದುಳನ್ನು ನೋಡಬೇಕಾದಾಗ ಇಂದಿಗೂ ಆ ದುಬಾರಿ ಕಾಂತವನ್ನೇ ಅವಲಂಬಿಸಬೇಕಾಗುತ್ತದೆ.