ಹೊಲ ಹಿಡಿದರೆ ಪೂರ್ವಜ ಸಿಕ್ಕಾನು

ಅಮೆರಿಕದ ದಕ್ಷಿಣ ರಾಜ್ಯಗಳ ಮನೆತನಗಳೊಂದಿಗೆ ನೆಂಟಸ್ತನ ಬೆಳೆಸಿದ ಕನ್ನಡ ಕುಟುಂಬಗಳು ಈಗ ಅಪರೂಪವಲ್ಲ. ಮಕ್ಕಳಿಗೆ ಎರಡೂ ಕಡೆಯ ವಂಶಾವಳಿ ತಿಳಿಸಬೇಕೆಂದು ಹೊರಟವರು ಅಲ್ಲಿನ 19ನೇ ಶತಮಾನದ ರೈತನೊಬ್ಬನ ಎದುರು ತಡೆದು ನಿಲ್ಲುತ್ತಾರೆ. ಜಾಲತಾಣದಲ್ಲಿ ಹೆಸರು ಟೈಪ್ ಮಾಡಿದರೆ ಜಾನ್ ಸ್ಮಿತ್‌ಗಳ ಸಂತೆಯೇ ನೆರೆಯುತ್ತದೆ. ಹುಟ್ಟು–ಸಾವಿನ ದಾಖಲೆಯಿಂದ ಆರಿಸೋಣವೆಂದರೆ, ರಾಜ್ಯಮಟ್ಟದ ನೋಂದಣಿ ಮಿಸಿಸಿಪ್ಪಿಯಲ್ಲಿ ಶುರುವಾಗಿದ್ದೇ 1912ರಲ್ಲಿ, ಜಾರ್ಜಿಯಾದಲ್ಲಿ 1919ರಲ್ಲಿ. ಆದರೆ ಅದೇ ರೈತನ ಜಮೀನು, ಬೆಳೆ, ಕಂದಾಯ, ಸಾಲಗಳನ್ನು ಸರ್ಕಾರ ಮತ್ತು ನ್ಯಾಯಾಲಯ ಹತ್ತಾರು ಕಡೆ ಬರೆದಿಟ್ಟಿವೆ. ಹಾಗಾಗಿ ಹುಡುಕಾಟಕ್ಕೆ ಹೆಸರಿಗಿಂತ ಹೊಲವೇ ಗಟ್ಟಿ ಆಧಾರ.

ಹೆಜ್ಜೆ 1: ಜನಗಣತಿಯಲ್ಲಿ ಹಿಂದಕ್ಕೆ ನಡೆಯಿರಿ

ಗೊತ್ತಿರುವ ತಲೆಮಾರಿನಿಂದ ಗೊತ್ತಿಲ್ಲದ್ದಕ್ಕೆ ಹೋಗಬೇಕು. 1900ರ ಗಣತಿಯಲ್ಲಿ ಹುಟ್ಟಿದ ತಿಂಗಳು, ವರ್ಷ ಎರಡೂ ಇವೆ. 1890ರದ್ದು 1921ರಲ್ಲಿ ವಾಷಿಂಗ್ಟನ್ನಿನಲ್ಲಿ ಬೆಂಕಿಗೆ ಸಿಕ್ಕಿ ಹಾಳಾಯಿತು, ಬಹುಪಾಲು ಇಂದು ಉಳಿದಿಲ್ಲ. 1880ರದ್ದು ಯಜಮಾನನಿಗೂ ಮನೆಯವರಿಗೂ ಇರುವ ಸಂಬಂಧವನ್ನೂ, ತಂದೆ–ತಾಯಿ ಹುಟ್ಟಿದ ರಾಜ್ಯವನ್ನೂ ಹೇಳುತ್ತದೆ. ದಾಸ್ಯದಲ್ಲಿರದ ಪ್ರತಿಯೊಬ್ಬರ ಹೆಸರು ಸಿಗುವುದು 1850ರಿಂದ. ಅದಕ್ಕೂ ಹಿಂದೆ ಮನೆಯ ಯಜಮಾನರ ಹೆಸರಷ್ಟೇ. ಇಲ್ಲಿ ಒಂದು ಕೆಲಸ ತಪ್ಪಿಸಬಾರದು: ನಿಮ್ಮವರ ಮನೆಯ ಹಿಂದೆ–ಮುಂದೆ ಹತ್ತು ಹತ್ತು ಮನೆಗಳ ಹೆಸರನ್ನೂ ಬರೆದುಕೊಳ್ಳಿ. ಗಣತಿದಾರ ಮನೆಯಿಂದ ಮನೆಗೆ ಹೋದವನು. ಪುಟದಲ್ಲಿ ಪಕ್ಕದಲ್ಲಿರುವವರು ಬಹುತೇಕ ನೆರೆಯವರೇ. ಅವರಲ್ಲಿ ಹೆಂಡತಿಯ ತವರಿನವರೂ ಇರಬಹುದು.

ಹೆಜ್ಜೆ 2: ಕೃಷಿ ಪಟ್ಟಿ ತೆರೆಯಿರಿ

1850ರಿಂದ 1880ರವರೆಗಿನ ನಾಲ್ಕು ಗಣತಿಗಳಲ್ಲಿ ಬೇಸಾಯಕ್ಕೇ ಪ್ರತ್ಯೇಕ ಪಟ್ಟಿಯಿದೆ. ನಮ್ಮ ಪಹಣಿಯ ಹಾಗೆ ಒಂದೇ ಸಾಲಿನಲ್ಲಿ ರೈತನ ಬದುಕು ಅಲ್ಲಿ ಬಿಚ್ಚಿಕೊಳ್ಳುತ್ತದೆ: ಉಳುವ ಭೂಮಿ ಎಷ್ಟು, ಕಾಡು ಎಷ್ಟು, ಹೇಸರಗತ್ತೆ, ಹಾಲು ಕೊಡುವ ಹಸು, ಹಂದಿಗಳ ಲೆಕ್ಕ, ಎಷ್ಟು ಬುಷೆಲ್ ಮೆಕ್ಕೆಜೋಳ, ಎಷ್ಟು ಬೇಲ್ ಹತ್ತಿ. 1880ರ ಪಟ್ಟಿಯಂತೂ ಆತ ಸ್ವಂತ ಜಮೀನಿನವನೋ, ನಗದು ಗೇಣಿಯವನೋ, ಪಾಲಿನ ಬೇಸಾಯದವನೋ ಎಂದು ಬೇರೆ ಬೇರೆ ಕಾಲಮ್ಮಿನಲ್ಲಿ ಗುರುತಿಸಿದೆ. ಒಂದೇ ಹೆಸರಿನ ಇಬ್ಬರಲ್ಲಿ ಒಬ್ಬ ನೂರಾರು ಎಕರೆಯ ಒಡೆಯ, ಇನ್ನೊಬ್ಬ ಒಂದು ಹೇಸರಗತ್ತೆಯ ಪಾಲುಗಾರ ಎಂದು ತಿಳಿದರೆ ಗೊಂದಲ ಅರ್ಧ ಕಳೆಯಿತು. ತೀರಾ ಸಣ್ಣ ಹಿಡುವಳಿಗಳನ್ನು ಈ ಪಟ್ಟಿ ಬಿಟ್ಟಿರುವುದರಿಂದ ಹೆಸರು ಇಲ್ಲದ ಮಾತ್ರಕ್ಕೆ ಆತ ರೈತನಲ್ಲ ಎನ್ನಲಾಗದು.

ಹೆಜ್ಜೆ 3: ಕೌಂಟಿ ಕಚೇರಿಯ ಪುಸ್ತಕಗಳಿಗೆ ಇಳಿಯಿರಿ

ಅಲಬಾಮಾ, ಮಿಸಿಸಿಪ್ಪಿಯಂಥ ರಾಜ್ಯಗಳಲ್ಲಿ ಭೂಮಿ ಮೊದಲು ಕೇಂದ್ರ ಸರ್ಕಾರದ್ದಾಗಿತ್ತು. ಅದು ಕೊಟ್ಟ ಹಕ್ಕುಪತ್ರಗಳನ್ನು ಇಂದು ಅಂತರ್ಜಾಲದಲ್ಲಿ ಉಚಿತವಾಗಿ ನೋಡಬಹುದು. ಜಾರ್ಜಿಯಾ, ಕೆರೊಲೈನಾ, ವರ್ಜೀನಿಯಾಗಳಲ್ಲಿ ಭೂಮಿ ಹಂಚಿದ್ದು ರಾಜ್ಯಗಳೇ, ಆದ್ದರಿಂದ ಆಯಾ ರಾಜ್ಯದ ಪತ್ರಾಗಾರಕ್ಕೆ ಹೋಗಬೇಕು. ಆಮೇಲಿನ ಕ್ರಯಪತ್ರಗಳೆಲ್ಲ ಕೌಂಟಿಯ, ಅಂದರೆ ನಮ್ಮ ಜಿಲ್ಲೆಯಂಥ ಘಟಕದ, ಕಚೇರಿಯಲ್ಲಿ ಸಿಗುತ್ತವೆ. ಅವುಗಳ ಚಕ್ಕುಬಂದಿ, ಸಾಕ್ಷಿಗಳ ಹೆಸರು ಎರಡನ್ನೂ ಗಣತಿಯ ನೆರೆಯವರೊಂದಿಗೆ ತಾಳೆ ನೋಡಿ. ಮಾರಾಟಕ್ಕೆ ಹೆಂಡತಿಯ ಒಪ್ಪಿಗೆ ಬೇಕಿದ್ದ ಕಡೆ, ಅಧಿಕಾರಿ ಆಕೆಯನ್ನು ಗಂಡನಿಂದ ಬೇರೆಯಾಗಿ ಕೂರಿಸಿ ಕೇಳಿ ಬರೆದುಕೊಳ್ಳುತ್ತಿದ್ದ; ಹೀಗೆ ಬೇರೆಲ್ಲೂ ಕಾಣದ ಹೆಂಗಸರ ಹೆಸರು ಕ್ರಯಪತ್ರದ ಕೊನೆಯಲ್ಲಿ ಸಿಗುವುದುಂಟು. ರೈತ ಸತ್ತಾಗ ಮಾಡಿದ ಸ್ವತ್ತಿನ ಪಟ್ಟಿ, ಹರಾಜಿನಲ್ಲಿ ನೇಗಿಲು, ಮಂಚ ಕೊಂಡವರ ಹೆಸರುಗಳು ಮಕ್ಕಳು–ಅಳಿಯಂದಿರ ಸುಳಿವು ಕೊಡುತ್ತವೆ. ಕೌಂಟಿಗಳ ಗಡಿ ಬದಲಾಗುತ್ತಿದ್ದುದನ್ನೂ ಮರೆಯಬೇಡಿ. ಅಟ್ಲಾಂಟಾದ ಫುಲ್ಟನ್ ಕೌಂಟಿ ಡಿಕ್ಯಾಬ್‌ನಿಂದ ಒಡೆದು ಹುಟ್ಟಿದ್ದು 1853ರಲ್ಲಿ. ಹೊಲ ಅಲ್ಲೇ ಇದ್ದರೂ ಹಳೆಯ ಕಾಗದ ಹಳೆಯ ಕೌಂಟಿಯಲ್ಲಿರುತ್ತದೆ.

ಜಮೀನೇ ಇಲ್ಲದವರ ಗತಿ?

ಹೊಲದ ದಾರಿ ಉಳ್ಳವರಿಗೆ ಮಾತ್ರ ಎಂಬ ಆಕ್ಷೇಪದಲ್ಲಿ ಹುರುಳಿದೆ, ಆದರೆ ಅರ್ಧ ಮಾತ್ರ. ಕಂದಾಯದ ಪಟ್ಟಿಯಲ್ಲಿ 21 ತುಂಬಿದ ಗಂಡಸರ ತಲೆಗಂದಾಯವೂ ಇರುತ್ತಿತ್ತು. ಭೂಮಿಯಿಲ್ಲದವನೂ ಅಲ್ಲಿ ಕಾಣಿಸುತ್ತಾನೆ. ವರ್ಷ ವರ್ಷದ ಪಟ್ಟಿ ಉಳಿದಿರುವೆಡೆ 1880 ಮತ್ತು 1900ರ ನಡುವಿನ ಕಂದರವನ್ನು ದಾಟಿಸುವ ಸೇತುವೆಯೂ ಅದೇ. ಕಪ್ಪು ರೈತರ ವಿಷಯದಲ್ಲಿ ಕಷ್ಟ ಇನ್ನೂ ಆಳವಾದದ್ದು. 1850, 1860ರ ಗುಲಾಮರ ಪಟ್ಟಿಗಳು ಒಡೆಯನ ಹೆಸರನ್ನು ಬರೆದು, ದುಡಿದವರನ್ನು ಬಹುತೇಕ ವಯಸ್ಸು, ಲಿಂಗ, ಬಣ್ಣಗಳಿಗೆ ಇಳಿಸಿದವು. 1870ರಲ್ಲಿ ಅವರಿಗೆ ಗಣತಿಯಲ್ಲಿ ಹೆಸರು ಬಂತು. ಅಲ್ಲಿಂದ ಹಿಂದಕ್ಕೆ ಹೋಗಲು ಅವರು ದುಡಿದ ನೆಲವೇ ದಾರಿ: ದಾಸ್ಯದಿಂದ ಬಿಡುಗಡೆಯಾದವರ ನೆರವಿಗೆ 1865ರಲ್ಲಿ ಸ್ಥಾಪನೆಯಾದ ಫ್ರೀಡ್‌ಮೆನ್ಸ್ ಬ್ಯೂರೋದ ಕೂಲಿ ಕರಾರುಗಳು, ಅವರಿಗಾಗಿಯೇ ಇದ್ದ ಫ್ರೀಡ್‌ಮನ್ಸ್ ಬ್ಯಾಂಕಿನ ಖಾತೆ ಪುಸ್ತಕಗಳು, ಆಮೇಲೆ ಆ ಪ್ಲಾಂಟೇಶನ್ ಒಡೆಯನ ಉಯಿಲು ಮತ್ತು ಸ್ವತ್ತಿನ ಪಟ್ಟಿ. ಮನುಷ್ಯರನ್ನು ಆಸ್ತಿಯೆಂದು ಬೆಲೆ ಕಟ್ಟಿ ಬರೆದ ಆ ಕ್ರೂರ ಪಟ್ಟಿಗಳಲ್ಲೇ ಮೊದಲ ಹೆಸರುಗಳು ಉಳಿದಿವೆ. ಕುಲನಾಮ ಕೊನೆಯ ಒಡೆಯನದ್ದೇ ಎಂದು ಊಹಿಸಿದರೆ ಮಾತ್ರ ಮತ್ತೆ ಹೆಸರಿನ ಬಲೆಗೇ ಬೀಳುತ್ತೀರಿ.

ಅಂತರ್ಯುದ್ಧದಲ್ಲಿ ಕಚೇರಿಗಳೇ ಸುಟ್ಟಿರುವಾಗ ಇದೆಲ್ಲ ಎಲ್ಲಿ ಸಿಗುತ್ತದೆ ಎಂಬುದು ಎರಡನೆಯ ಆಕ್ಷೇಪ. ಸುಟ್ಟದ್ದು ಕೌಂಟಿಯ ಪ್ರತಿ. ಭೂಮಿಯ ಕಾಗದ ಹಲವು ಕಚೇರಿ ಹಾದು ಬಂದದ್ದು. ಕೇಂದ್ರದ ಹಕ್ಕುಪತ್ರ, ಗಣತಿಗಳು ಕೌಂಟಿಯ ಹೊರಗಿವೆ. ಹಕ್ಕು ಉಳಿಸಿಕೊಳ್ಳಲು ಎಷ್ಟೋ ಜನ ತಮ್ಮ ಪೆಟ್ಟಿಗೆಯ ಕ್ರಯಪತ್ರವನ್ನು ಮತ್ತೆ ನೋಂದಾಯಿಸಿದರು. ಯುದ್ಧದಲ್ಲಿ ಕೇಂದ್ರ ಸರ್ಕಾರದ ಸೇನೆ ಒಯ್ದ ಜೋಳ, ಜಾನುವಾರಿಗೆ ಪರಿಹಾರ ಕೇಳಿ ಸರ್ಕಾರಕ್ಕೆ ನಿಷ್ಠರಾಗಿದ್ದೆವೆಂದ ದಕ್ಷಿಣದವರು 1871ರ ನಂತರ ಸದರ್ನ್ ಕ್ಲೇಮ್ಸ್ ಕಮಿಷನ್‌ಗೆ ಸಲ್ಲಿಸಿದ ಅರ್ಜಿಗಳೇ 22,298. ಅವುಗಳ ವಿಚಾರಣೆಯಲ್ಲಿ ನೆರೆಯವರು, ನೆಂಟರು ನುಡಿದ ಸಾಕ್ಷ್ಯ ವಾಷಿಂಗ್ಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿದೆ.

ಹಾಗಾದರೆ ಬೇರೆಯವರು ಹಾಕಿಟ್ಟ ಸಿದ್ಧ ವಂಶವೃಕ್ಷ ಬೇಡವೇ? ಸುಳಿವಾಗಿ ಇರಲಿ, ಸಾಕ್ಷಿಯಾಗಿ ಬೇಡ. ಒಬ್ಬರ ತಪ್ಪನ್ನು ನೂರು ಜನ ನಕಲು ಮಾಡಿದರೆ ಅದು ನೂರು ಸಾಕ್ಷಿಯಾಗದು. ಪ್ರತಿ ಸಂಬಂಧದ ಎದುರು ಅದನ್ನು ಹೇಳುವ ದಾಖಲೆ, ಅದನ್ನು ಬರೆದ ಕಾಲ, ಬರೆಸಿದವರು ಯಾರೆಂದು ನಮೂದಿಸಿ. ಒಂದನ್ನೊಂದು ನೋಡಿ ಬರೆಯದ ಎರಡು ಕಾಗದಗಳು ಅದೇ ಹೊಲ, ಅದೇ ನೆರೆಯವರನ್ನು ತೋರಿಸಿದ ಮೇಲೆಯೇ ಆ ಹೆಸರನ್ನು ನಿಮ್ಮ ವಂಶಾವಳಿಗೆ ಸೇರಿಸಿ.